ಅಮ್ಮನ ಪಿಂಚಣಿ ನಾಕು ತಿಂಗಳಿಂದ ಇಲ್ಲ, ಗೃಹಲಕ್ಷ್ಮಿ ಯಾವಾಗ ಬರ್ತದೋ ದೇವ್ರಿಗೇ ಗೊತ್ತು, ಇದನ್ನ ಬಿಟ್ಟಿ ಅಂತೀರಾ?

ಭಟ್ಟಿ ಹೊಗೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಾನಿಲ್ಲಿ ಓದೋದೇ ಜಾಸ್ತಿ ಬರೆಯೋದು ಕಮ್ಮಿ, ಇವತ್ತು ತಡ್ಕೊಳ್ಳೋಕಾಗ್ಲಿಲ್ಲ ಅದಕ್ಕೆ ಬರೀತಿದೀನಿ, ಉದ್ದ ಆದ್ರೆ ಬೈಕೋಬೇಡಿ.

ಬೆಳಿಗ್ಗೆ ದೋಸೆ ಹೋಟ್ಲಲ್ಲಿ ಕೂತಿದ್ದೆ, ಪಕ್ಕದ ಟೇಬಲ್ಲಲ್ಲಿ ಇಬ್ರು, ಒಬ್ರು ಹೇಳ್ತಿದ್ರು ಹೆಂಗಸ್ರಿಗೆ ಎರಡೆರಡು ಸಾವಿರ ಹಾಕಿ ಹಾಕಿ ಎಲ್ರೂ ಸೋಮಾರಿ ಆಗ್ಯಾರ, ಮಂಡಕ್ಕಿ ಭಟ್ಟಿಗೂ ಆಳು ಸಿಗ್ತಿಲ್ಲ ಅಂತ. ನಾನು ದೋಸೆ ಅರ್ಧ ಬಿಟ್ಟು ಎದ್ದೆ, ಬೆಣ್ಣೆ ದೋಸೆ ಬಿಟ್ಟು ಎದ್ದಿದ್ದು ಜೀವನದಲ್ಲಿ ಇದೇ ಮೊದಲು.

ಯಾಕಂದ್ರೆ ನಮ್ಮಮ್ಮ ಇಪ್ಪತ್ತೆರಡು ವರ್ಷ ಮಂಡಕ್ಕಿ ಭಟ್ಟೀಲಿ ದುಡಿದೋಳು. ರಾತ್ರಿ ಎರಡೂವರೆಗೆ ಎದ್ದು ಹೋಗೋಳು, ಉಪ್ಪು ನೀರು ಕಲಸಿದ ಅಕ್ಕೀನ ಕಾದ ಮರಳಿಗೆ ಹಾಕಿ ಹುರಿಯೋ ಕಡೆ ನಿಂತು ಜರಡಿ ಹಿಡಿಯೋದು, ಚೀಲ ತುಂಬೋದು, ಹೊಲಿಯೋದು. ಕೂಲಿ ಚೀಲದ ಲೆಕ್ಕ, ಬಿದ್ರೆ ಎದ್ರೆ ಕೇಳೋರಿಲ್ಲ. ಈಗ 67 ವರ್ಷ, ಉಸಿರು ಕಟ್ಟುತ್ತೆ ಅಂತ ನಾವೇ ಬಿಡಿಸಿದ್ವಿ. ಸಂಧ್ಯಾ ಸುರಕ್ಷಾ ಅಂತ ವಯಸ್ಸಾದೋರ ಪಿಂಚಣಿ ತಿಂಗಳಿಗೆ 1200 ಬರ್ತಿತ್ತು, ರೇಷನ್ ಕಾರ್ಡಲ್ಲಿ ಯಜಮಾನಿ ಅವಳೇ ಇರೋದ್ರಿಂದ ಗೃಹಲಕ್ಷ್ಮಿ 2000ನೂ ಅವಳ ಖಾತೆಗೇ. ಈಗ ಪಿಂಚಣಿ ನಾಕು ತಿಂಗಳಿಂದ ನಿಂತೋಗಿದೆ. ಕೇಳಿದ್ರೆ ಒಬ್ರು ಖಜಾನೆ ಅಂತಾರೆ ಒಬ್ರು ಬ್ಯಾಂಕು ಅಂತಾರೆ ಒಬ್ರು ಆಧಾರ್ ಅಂತಾರೆ, ಮೂರೂ ಕಡೆ ಆಟೋ ಚಾರ್ಜ್ ನಮ್ದು.

ಇನ್ನೊಂದು ಹೇಳ್ಬೇಕು. ಮೊನ್ನೆ ಸೇವಾ ಕೇಂದ್ರದಲ್ಲಿ ಅಮ್ಮನ ಹೆಬ್ಬೆಟ್ಟು ಒತ್ತಿಸಿದ್ರು, ಬರ್ಲಿಲ್ಲ. ಸೆರಗಲ್ಲಿ ಒರೆಸಿ ಒತ್ತು ಅಂದ್ರು, ಬರ್ಲಿಲ್ಲ. ಎಣ್ಣೆ ಹಚ್ಚಿ ಒತ್ತು, ಎಡಗೈ ಒತ್ತು, ತೋರುಬೆರಳು ಒತ್ತು. ಹತ್ತೂ ಬೆರಳು ಆಯ್ತು. ನಾನು ಅವತ್ತು ಮೊದಲ ಸಲ ಅಮ್ಮನ ಬೆರಳು ಹತ್ತಿರದಿಂದ ನೋಡಿದೆ, ಗೆರೇನೇ ಇಲ್ಲ ಕಣ್ರಿ, ಗೋಲಿ ಗುಂಡಿನ ತರ ನುಣ್ಣಗೆ. ಆ ಮರಳು ಆ ಉಪ್ಪು ಎಲ್ಲಾ ತಿಂದಾಕಿದೆ. ದುಡಿದಿದ್ದಕ್ಕೇ ಗುರುತು ಅಳಿಸಿಹೋಗಿದೆ, ಈಗ ಗುರುತು ಇಲ್ಲ ಅಂತ ದುಡ್ಡು ಕೊಡಲ್ಲ, ಅದನ್ನ ಸೋಮಾರಿತನ ಅಂತಾರೆ.

ಇದು ಬಿಟ್ಟಿನಾ? ನಿಮ್ಮ ಅಭಿಪ್ರಾಯ ಹೇಳಿ. ಪಿಂಚಣಿ ಬಗ್ಗೆ ಗೊತ್ತಿರೋರು ಇದ್ರೆ ದಾರಿ ಹೇಳಿ, ಅದು ಮೊದ್ಲು.

ವಿದ್ಯಾನಗರ ವಾಕಿಂಗ್ ಅಂಕಲ್

ತಮ್ಮಾ, ನಿಮ್ಮ ತಾಯಿ ವಿಷಯ ಓದಿ ಬೇಜಾರಾಯ್ತು. ವಯಸ್ಸಾದೋರಿಗೆ, ವಿಧವೆಯರಿಗೆ, ಅಂಗವಿಕಲರಿಗೆ ಕೊಡೋದು ಬೇಡ ಅಂತ ಯಾರೂ ಹೇಳಲ್ಲ. ನಾನು ಹೇಳೋದು ಬೇರೆ. ನಮ್ಮ ಪಕ್ಕದ ಬೀದೀಲಿ ಮೂರಂತಸ್ತಿನ ಮನೆ, ಕಾರು ಇದೆ, ಆಯಮ್ಮಂಗೂ ಬರುತ್ತೆ ಎರಡು ಸಾವಿರ, ಬಂದಾಗೆಲ್ಲ ಕಿಟ್ಟಿ ಪಾರ್ಟಿ. ಇದಕ್ಕೇನು ಹೇಳ್ತೀರಿ?

ಮತ್ತೆ ನಮ್ಮ ಅಪ್ಪ ಕಾಟನ್ ಮಿಲ್ಲಲ್ಲಿ ಕೆಲಸಕ್ಕಿದ್ರು. ದಾವಣಗೆರೆ ಅಂದ್ರೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದ ಕಾಲ. ಸೈರನ್ ಕೂಗಿದ್ರೆ ಊರಿಗೇ ಟೈಮ್ ಗೊತ್ತಾಗೋದು. ಪಿಎಫ್ ಇತ್ತು, ಬೋನಸ್ ಇತ್ತು, ಇಎಸ್‌ಐ ಇತ್ತು. ಅವರಿಗೆ ಯಾವ ಭಾಗ್ಯಾನೂ ಬೇಕಾಗಿರ್ಲಿಲ್ಲ. ಕೆಲಸ ಕೊಡ್ಬೇಕು ಸರ್ಕಾರ, ದುಡ್ಡಲ್ಲ. ಮೀನು ಕೊಡೋದಲ್ಲ ಬಲೆ ಕೊಡಿ.

ಭಟ್ಟಿ ಹೊಗೆ

ಅಂಕಲ್ ಬಲೆ ಸರಿ, ಕೆರೇಲಿ ನೀರಿರ್ಬೇಕಲ್ಲ. ನೀವು ಹೇಳಿದ ಅದೇ ಮಿಲ್ಲುಗಳು ಒಂದೊಂದೇ ಮುಚ್ಚಿದ ಮೇಲೆ ಎಷ್ಟು ಮನೆಯವರು ಭಟ್ಟಿಗೆ ಬಂದ್ರು ಗೊತ್ತಾ? ನಮ್ಮ ತಾತಾನೂ ಮಿಲ್ಲಲ್ಲೇ ಇದ್ದೋರು. ತಾತಂಗೆ ಪಿಎಫ್ ಇತ್ತು, ಮಗಳಿಗೆ ಜರಡಿ ಬಂತು.

ಅಡಿಕೆ ತೋಟ (ಚನ್ನಗಿರಿ)

ನಾನು ನೇರವಾಗಿ ಹೇಳ್ತೀನಿ ಬೇಕಾದ್ರೆ ಬೈರಿ. ಸುಲಿಯೋಕೆ ಹೆಣ್ಣಾಳು ಸಿಗ್ತಿಲ್ಲ. ಮೊದ್ಲು ಕರೆದ್ರೆ ಹತ್ತು ಜನ ಬರೋರು, ಈಗ ನಾವೇ ಗಾಡಿ ಕಳಿಸ್ಬೇಕು, ಟೀ ಎರಡು ಸಲ ಕೊಡ್ಬೇಕು, ರೇಟು ಅವರು ಹೇಳಿದ್ದೇ. ಅಕ್ಕಿ ಫ್ರೀ, ಬಸ್ಸು ಫ್ರೀ, ಕರೆಂಟು ಫ್ರೀ, ಮೇಲೆ ಎರಡು ಸಾವಿರ, ಇನ್ಯಾಕೆ ಬರ್ತಾರೆ. ರೈತ ಸತ್ತ.

ಜಗಳೂರು ಬಿಸ್ಲು

ಅಣ್ಣೋ ರೇಟು ಅವರು ಹೇಳಿದ್ದೇ ಅಂದ್ರಲ್ಲ, ಅದೇ ಕಣಣ್ಣ ಈ ದುಡ್ಡು ಮಾಡಿರೋ ದೊಡ್ಡ ಕೆಲಸ!! ಇಷ್ಟು ವರ್ಷ ರೇಟು ನೀವು ಹೇಳಿದ್ದೇ ಆಗಿತ್ತು. ಮನೇಲಿ ಅಕ್ಕಿ ಇಲ್ದೋಳು ನೀನು ಎಷ್ಟು ಕೊಟ್ರೂ ಬರ್ತಾಳೆ, ಹತ್ತು ಕೆಜಿ ಅಕ್ಕಿ ಇರೋಳು ಒಂದು ಮಾತು ಕೇಳಿ ಬರ್ತಾಳೆ. ಅಷ್ಟೇ ವ್ಯತ್ಯಾಸ.

ಇನ್ನು ಫ್ರೀ ವಿಷಯ. ತಪ್ಪು ತಿಳ್ಕೋಬೇಡಿ, ನಿಮ್ಮ ತೋಟದ ಮೋಟ್ರಿಗೆ 10 ಎಚ್‌ಪಿವರೆಗೆ ಕರೆಂಟು ಫ್ರೀ ಇದೆಯಲ್ಲ ಅದು ಯಾವ ಲೆಕ್ಕ? ಪಿಎಂ ಕಿಸಾನ್ ವರ್ಷಕ್ಕೆ 6000, 2019ರಿಂದ ಬರ್ತಿದೆ, ಅದನ್ನ ಯಾರೂ ಬಿಟ್ಟಿ ಅನ್ನಲ್ಲ, ಸಮ್ಮಾನ್ ಅಂತಾರೆ. ಹೊಲ ಇದ್ದೋನಿಗೆ ಕೊಟ್ರೆ ಸಮ್ಮಾನ, ಆ ಹೊಲದಲ್ಲಿ ಕಳೆ ತೆಗೆಯೋಳಿಗೆ ಕೊಟ್ರೆ ಬಿಟ್ಟಿ. ನಾನೂ ರೈತಾನೇ, ಮೂರೆಕರೆ ಖುಷ್ಕಿ, ಮಳೆ ಬಂದ್ರೆ ಮೆಕ್ಕೆಜೋಳ, ಇಲ್ಲ ಅಂದ್ರೆ ಕಾಫಿ ಸೀಮೆಗೆ ಹೋಗೋದು. ನಮಗೆ ಭದ್ರಾ ನಾಲೆ ಇಲ್ಲ ನಿಮಗಿದೆ, ಅದೂ ಸರ್ಕಾರದ ದುಡ್ಡಲ್ಲೇ ಕಟ್ಟಿದ್ದು. ಭದ್ರಾ ಮೇಲ್ದಂಡೆ ಯೋಜನೇಲಿ ನೀರು ಬರುತ್ತೆ ಅಂತ ನಮಗೆ ಹೇಳಿ ಹೇಳಿ ತಲೆ ಬೆಳ್ಳಗಾಯ್ತು.

ಅಡಿಕೆ ತೋಟ (ಚನ್ನಗಿರಿ)

ನೀರು ಕರೆಂಟು ಇಲ್ದೆ ಬೆಳೆ ಬರುತ್ತಾ? ಅದು ಉತ್ಪಾದನೆಗೆ ಕೊಡೋದು, ಇದು ತಿನ್ನೋಕೆ ಕೊಡೋದು. ವ್ಯತ್ಯಾಸ ಇದೆ.

ಜಗಳೂರು ಬಿಸ್ಲು

ತಿನ್ನದೆ ಆಳು ಬರ್ತಾರಾ?

ಲೆಕ್ಕದ ಮೇಷ್ಟ್ರು (ಚಿತ್ರದುರ್ಗ)

ಜಗಳ ಚೆನ್ನಾಗಿದೆ, ಸ್ವಲ್ಪ ಅಂಕಿ ಹಾಕ್ತೀನಿ. 2025-26ರ ರಾಜ್ಯ ಬಜೆಟ್ 4.09 ಲಕ್ಷ ಕೋಟಿ. ಅದರಲ್ಲಿ ಐದು ಗ್ಯಾರಂಟಿಗೆ ಇಟ್ಟಿದ್ದು 51,034 ಕೋಟಿ. ಎಂಟಾಣೆಗೆ ಒಂದಾಣೆ ಅನ್ಕೊಳ್ಳಿ. ಸಣ್ಣದಲ್ಲ, ರಸ್ತೆ ಗುಂಡಿ ಬಗ್ಗೆ ಅಂಕಲ್ ಕೇಳಿದ್ರೆ ನ್ಯಾಯಾನೇ. ಆದ್ರೆ ಪಕ್ಕದಲ್ಲಿ ಇದನ್ನೂ ಇಡಿ: 2019ರ ಸೆಪ್ಟೆಂಬರಲ್ಲಿ ಕೇಂದ್ರ ಕಂಪನಿ ತೆರಿಗೆ 30ರಿಂದ 22 ಪರ್ಸೆಂಟಿಗೆ ಇಳಿಸ್ತು, ಆಗ ಹಣಕಾಸು ಮಂತ್ರಿಗಳೇ ಹೇಳಿದ ಲೆಕ್ಕ, ವರ್ಷಕ್ಕೆ 1.45 ಲಕ್ಷ ಕೋಟಿ ಖೋತಾ. ಅವತ್ತು ಯಾವ ಹೋಟ್ಲಲ್ಲೂ ಯಾರೂ ಕಂಪನಿಗಳು ಸೋಮಾರಿ ಆಗ್ತಾವೆ ಅಂದಿದ್ದು ನಾನು ಕೇಳಿಲ್ಲ.

ಈಗ ಅಂಕಲ್ ಹೇಳಿದ ಕಿಟ್ಟಿ ಪಾರ್ಟಿ ಮೇಡಂ. ಗೃಹಲಕ್ಷ್ಮೀಲಿ ಒಂದೇ ದೊಡ್ಡ ಬೇಲಿ, ಆಯಮ್ಮ ಅಥವಾ ಗಂಡ ಇನ್‌ಕಮ್ ಟ್ಯಾಕ್ಸ್, ಜಿಎಸ್‌ಟಿ ಕಟ್ಟಬಾರ್ದು. ಬೇಲಿ ಎತ್ತರ ಕಮ್ಮಿ, ಕೆಲವು ಕಾರಿನೋರು ಹಾರಿ ಒಳಗೆ ಬರ್ತಾರೆ, ಒಪ್ತೀನಿ. ಬೇಲಿ ಎತ್ತರ ಮಾಡಿದ್ರೆ ಏನಾಗುತ್ತೆ ಅನ್ನೋದಕ್ಕೆ ಉದಾಹರಣೆ ಪಿಂಚಣೀಲಿದೆ ನೋಡಿ. ಸಂಧ್ಯಾ ಸುರಕ್ಷಾಗೆ ವರ್ಷದ ಆದಾಯ 32,000 ರೂಪಾಯಿ ದಾಟಬಾರ್ದು. ನರೇಗಾ ಕೂಲಿ ನಮ್ಮ ರಾಜ್ಯದಲ್ಲಿ 2025-26ಕ್ಕೆ ದಿನಕ್ಕೆ 370 ಇತ್ತು. ನೂರು ದಿನ ಮಣ್ಣು ಹೊತ್ರೆ 37,000. ಅಂದ್ರೆ ಸರ್ಕಾರ ಕೊಟ್ಟ ಕೆಲಸಾನ ಸರ್ಕಾರ ಹೇಳಿದಷ್ಟು ದಿನ ಮಾಡಿದ್ರೆ, ಅದೇ ಸರ್ಕಾರದ ಲೆಕ್ಕದಲ್ಲಿ ನೀನು ಬಡವ ಅಲ್ಲ!

ಹಂಗಾಗಿ ಏನ್ಮಾಡ್ತಾರೆ, ಎಲ್ಲರೂ ನಾಡಕಚೇರಿಗೆ ಹೋಗಿ ಮೂವತ್ತು ಸಾವಿರದ್ದೋ ಇಪ್ಪತ್ತೈದು ಸಾವಿರದ್ದೋ ಆದಾಯ ಪತ್ರ ಮಾಡಿಸ್ತಾರೆ. ಕೊಡೋನಿಗೂ ಗೊತ್ತು, ತಗೊಳ್ಳೋನಿಗೂ ಗೊತ್ತು. ಬಿಪಿಎಲ್ ಕಾರ್ಡಿಗೆ ಮಿತಿ 1.2 ಲಕ್ಷ, ಪಿಂಚಣಿಗೆ 32 ಸಾವಿರ, ಹಿಂಗಾಗಿ ಒಂದೇ ಮನೆಗೆ ಕಾಗದದ ಮೇಲೆ ಎರಡು ಆದಾಯ. ಬಡವನ್ನ ಸುಳ್ಳುಗಾರ ಮಾಡಿ ಆಮೇಲೆ ಸುಳ್ಳು ಹೇಳ್ತಾನೆ ಅಂತ ಕಾರ್ಡು ರದ್ದು ಮಾಡೋದು. 2024ರ ನವೆಂಬರಲ್ಲಿ ಕಾರ್ಡು ರದ್ದತಿ ಗಲಾಟೆ ಆಯ್ತಲ್ಲ, ನಮ್ಮ ಸ್ಕೂಲಿನ ಬಿಸಿಯೂಟದ ಅಕ್ಕ ಎರಡು ದಿನ ರಜೆ ಹಾಕಿ ಓಡಾಡಿದ್ರು. ಆ ಮೂರಂತಸ್ತಿನ ಮೇಡಂನ ಹಿಡಿಯೋಕೆ ಹಾಕಿದ ಬಲೇಲಿ ಸಿಗೋದು ಯಾವಾಗ್ಲೂ ಇವರೇ, ಯಾಕಂದ್ರೆ ಆ ಮೇಡಂ ಹತ್ರ ಓಡಾಡೋಕೆ ಟೈಮು, ಆಡಿಟರು, ಪರಿಚಯ ಎಲ್ಲಾ ಇರುತ್ತೆ.

ವಿದ್ಯಾನಗರ ವಾಕಿಂಗ್ ಅಂಕಲ್

ಮೇಷ್ಟ್ರೇ ನೀವು ಒಂದು ಕಡೆ ವಾಲ್ತೀರಿ. ಆದ್ರೂ 32 ಸಾವಿರದ ಲೆಕ್ಕ ನಂಗೆ ಗೊತ್ತಿರ್ಲಿಲ್ಲ. ತಿಂಗಳಿಗೆ 2700ನೂ ಆಗಲ್ಲ ಅಂದ್ರೆ ನಮ್ಮ ಮನೆ ಹಾಲಿನ ಬಿಲ್ಲು ಪೇಪರ್ ಬಿಲ್ಲು ಸೇರಿದ್ರೆ ಅಷ್ಟಾಗುತ್ತೆ.

ಲೆಕ್ಕದ ಮೇಷ್ಟ್ರು (ಚಿತ್ರದುರ್ಗ)

ಇನ್ನೂ ಕೇಳಿ. ವೃದ್ಧಾಪ್ಯ ಪಿಂಚಣೀಲಿ ಕೇಂದ್ರದ ಪಾಲು 79 ವರ್ಷದವರೆಗೆ ತಿಂಗಳಿಗೆ 200 ರೂಪಾಯಿ, 80 ದಾಟಿದ್ರೆ 500. ಇಷ್ಟು ವರ್ಷದಲ್ಲಿ ಆ 200 ಇನ್ನೂರಾಗೇ ಇದೆ, ಬೇರೆ ಎಲ್ಲಾದ್ರ ಬೆಲೇನೂ ಏರಿದೆ. ರಾಜ್ಯದ ಸಂಧ್ಯಾ ಸುರಕ್ಷಾ 2007ರಲ್ಲಿ 400ಕ್ಕೆ ಶುರುವಾಗಿ 2021ರಲ್ಲಿ ಬೊಮ್ಮಾಯಿಯವರು 1200 ಮಾಡಿದ್ರು, ವಿಧವಾ ವೇತನ 800 ಆಯ್ತು. ಯಾವ ಪಾರ್ಟಿ ಬಂದ್ರೂ ಏರಿಸಿದಾರೆ ಆದ್ರೆ ಮನಸ್ಸು ಬಂದಾಗ. ಮೇಷ್ಟ್ರಿಗೆ ಡಿಎ ಆರು ತಿಂಗಳಿಗೊಂದು ಸಲ ಬೆಲೆ ಏರಿಕೆ ನೋಡಿ ಏರುತ್ತೆ, ನಾನು ತಗೋತೀನಿ, ಬೇಡ ಅನ್ನಲ್ಲ. ಅಜ್ಜಿ ಕೊಳ್ಳೋ ಬೇಳೆ ಬೇರೆ ನಾನು ಕೊಳ್ಳೋ ಬೇಳೆ ಬೇರೆ ಏನಲ್ಲವಲ್ಲ.

ನೇಯ್ಗೆ ಮನೆ ಹುಡ್ಗಿ (ಮೊಳಕಾಲ್ಮೂರು)

ನಮ್ಮ ಮನೆ ಕಥೆ ಹೇಳ್ತೀನಿ, ಯಾರ ಪರಾನೂ ಅಲ್ಲ. ಅಪ್ಪ ಗುಂಡಿ ಮಗ್ಗದಲ್ಲಿ ರೇಷ್ಮೆ ಸೀರೆ ನೇಯ್ತಾರೆ, ಅಮ್ಮ ಲಾಳಿಗೆ ನೂಲು ಸುತ್ತೋದು, ತುಂಡಾದ ಎಳೆ ಗಂಟು ಹಾಕೋದು. ಆ ಎಳೆ ಕೂದಲಿಗಿಂತ ಸಣ್ಣ. ಅಮ್ಮಂಗೆ ಎರಡು ಮೂರು ವರ್ಷದಿಂದ ಕಾಣ್ತಿರ್ಲಿಲ್ಲ, ಆದ್ರೆ ಹೇಳ್ತಿರ್ಲಿಲ್ಲ, ಬೆರಳ ತುದೀಲೇ ಹುಡುಕಿ ಗಂಟು ಹಾಕೋಳು, ಒಂದೊಂದ್ಸಲ ತಪ್ಪಿ ಸೀರೇಲಿ ಗಂಟು ಎದ್ದು ಕಂಡ್ರೆ ಅಪ್ಪ ಬೈಯೋರು, ಯಾಕಂದ್ರೆ ಮಾಲೀಕ ಕೂಲೀಲಿ ಹಿಡ್ಕೋತಾನೆ. ಗೃಹಲಕ್ಷ್ಮಿ ಎರಡು ಕಂತು ಬಂದ ಮೇಲೆ ಯಾರನ್ನೂ ಕೇಳ್ದೆ ಚಳ್ಳಕೆರೆಗೆ ಶಕ್ತಿ ಬಸ್ಸಲ್ಲಿ ಹೋಗಿ ಕನ್ನಡಕ ಮಾಡಿಸ್ಕೊಂಡು ಬಂದ್ಲು. ಅಪ್ಪ ಕೇಳಿದ್ರು ಎಷ್ಟಾಯ್ತು ಅಂತ. ನನ್ನ ದುಡ್ಡು ನಿಮಗ್ಯಾಕೆ ಅಂದ್ಲು. ನಾನು ಹುಟ್ಟಿದಾಗಿಂದ ಆ ಮಾತು ಆ ಮನೇಲಿ ಕೇಳಿರ್ಲಿಲ್ಲ ನಾನು.

ಆದ್ರೆ ಅಂಕಲ್ ಹೇಳಿದ್ರಲ್ಲೂ ನಿಜ ಇದೆ. ಅಮ್ಮ ಇಡೀ ದಿನ ಲಾಳಿ ಸುತ್ತಿದ್ದಕ್ಕೆ ಬೇರೆ ಕೂಲಿನೇ ಇಲ್ಲ, ಅದು ಅಪ್ಪನ ಸೀರೆ ಕೂಲೀಲೇ ಸೇರಿದೆ. ಅವಳ ಕೆಲಸಕ್ಕೆ ರೇಟು ಕೊಟ್ಟಿದ್ರೆ ಎರಡು ಸಾವಿರಕ್ಕಿಂತ ಜಾಸ್ತಿನೇ ಆಗ್ತಿತ್ತು. ಅಪ್ಪಂಗೆ ನೇಕಾರ ಸಮ್ಮಾನ್ ಅಂತ ವರ್ಷಕ್ಕೊಂದ್ಸಲ 5000 ಇದೆ, ಬಂದಾಗ ಹಬ್ಬ. ನಮಗೆ ಬೇಕಾಗಿರೋದು ಸೀರೆಗೆ ಸರಿಯಾದ ರೇಟು. ಪವರ್‌ಲೂಮ್ ಸೀರೇನ ಮೊಳಕಾಲ್ಮೂರು ಸೀರೆ ಅಂತ ಮಾರೋದು ನಿಲ್ಲಿಸ್ಲಿ ಮೊದ್ಲು. ಅಲ್ಲಿವರೆಗೆ ಈ ದುಡ್ಡು ಬೇಕು. ಎರಡೂ ಬೇಕು ಅನ್ನೋದು ದುರಾಸೆನಾ?

ಸಂಘದ ಸದಸ್ಯೆ (ಹರಿಹರ)

ಎಲ್ರೂ ಎಷ್ಟು ದುಡ್ಡು ಯಾರಿಗೆ ದುಡ್ಡು ಅಂತ ಮಾತಾಡ್ತಿದೀರಿ, ಯಾವಾಗ ಅಂತ ಯಾರೂ ಕೇಳ್ಲಿಲ್ಲ. ನಾನು ಮೂರು ಸಂಘದಲ್ಲಿದೀನಿ, ಒಂದು ಧರ್ಮಸ್ಥಳದ್ದು ಎರಡು ಫೈನಾನ್ಸಿಂದು. ಫೈನಾನ್ಸಿನೋರದ್ದು ಮಂಗಳವಾರ ಬೆಳಿಗ್ಗೆ ಎಂಟು ಗಂಟೆ. ಮಳೆ ಬರ್ಲಿ ಸಾವಾಗ್ಲಿ ಎಂಟು ಅಂದ್ರೆ ಎಂಟು. ಹುಡುಗ ಬ್ಯಾಗ್ ಹಾಕ್ಕೊಂಡು ಬೈಕಲ್ಲಿ ಬರ್ತಾನೆ, ಗುಂಪಲ್ಲಿ ಒಬ್ಬಳು ಕಟ್ಲಿಲ್ಲ ಅಂದ್ರೆ ಎಲ್ರೂ ಕೂರ್ಬೇಕು, ಆ ಅವಮಾನ ಹೇಳೋಕಾಗಲ್ಲ.

ಗೃಹಲಕ್ಷ್ಮಿ ಶುರುವಾದಾಗ, 2023ರ ಆಗಸ್ಟಲ್ಲಿ, ನಾವೇನ್ಮಾಡಿದ್ವಿ ಗೊತ್ತಾ, ತಿಂಗಳಿಗೆ ಎರಡು ಸಾವಿರ ಗ್ಯಾರಂಟಿ ಅಂತ ಹೆಸರೇ ಇದೆಯಲ್ಲ, ಅದನ್ನ ನಂಬ್ಕೊಂಡು ನಾನು ಒಂದು ಸಾಲ ಎತ್ತಿದೆ, ಮಗಳ ಡಿಪ್ಲೊಮಾ ಫೀಸಿಗೆ. ಕಂತು ಈ ದುಡ್ಡಲ್ಲೇ ಕಟ್ಟಬಹುದು ಅಂತ ಲೆಕ್ಕ. ಮೊದಮೊದಲು ಸರಿ ಇತ್ತು. ಆಮೇಲೆ ಒಂದು ತಿಂಗಳು ಬರಲ್ಲ, ಎರಡು ತಿಂಗಳು ಬರಲ್ಲ, ಆಮೇಲೆ ಒಂದಿನ ಒಟ್ಟಿಗೆ ಎರಡು ಕಂತು. ಬರದ ತಿಂಗಳು ಕಂತು ಕಟ್ಟೋಕೆ ಕೈಸಾಲ, ನೂರಕ್ಕೆ ಐದು ರೂಪಾಯಿ ಬಡ್ಡಿ. ಒಟ್ಟಿಗೆ ಬಂದಾಗ ಅದು ಸೀದಾ ಕೈಸಾಲದೋರ ಕೈಗೆ. ವರ್ಷದ ಲೆಕ್ಕದಲ್ಲಿ ಸರ್ಕಾರ ಎಲ್ಲಾ ಕೊಟ್ಟಿರಬಹುದು, ನನ್ನ ಲೆಕ್ಕದಲ್ಲಿ ಬಡ್ಡಿ ಹೋಗಿದೆ.

ಸಾಲಕ್ಕೆ ತಾರೀಖಿದೆ, ಸಹಾಯಕ್ಕೆ ತಾರೀಖಿಲ್ಲ. ಎರಡು ಸಾವಿರ ಮೂರು ಸಾವಿರ ಮಾಡಿ ಅಂತ ನಾನು ಕೇಳಲ್ಲ, ಐದನೇ ತಾರೀಖು ಅಂದ್ರೆ ಐದನೇ ತಾರೀಖು ಹಾಕಿ ಸಾಕು.

ಮೈಕ್ರೋ ಫೈನಾನ್ಸಿನೋರು ಬಲವಂತ ಮಾಡಬಾರ್ದು ಅಂತ 2025ರ ಫೆಬ್ರವರೀಲಿ ಸುಗ್ರೀವಾಜ್ಞೆ ತಂದ್ರಲ್ಲ, ಹತ್ತು ವರ್ಷ ಜೈಲು ಐದು ಲಕ್ಷ ದಂಡ ಅಂತೆಲ್ಲ. ಆಮೇಲೆ ಒಂದು ತಿಂಗಳು ಹುಡುಗ ಸ್ವಲ್ಪ ಮೆತ್ತಗೆ ಮಾತಾಡಿದ, ಅಕ್ಕಾ ಅಂತ. ಈಗ ಮತ್ತೆ ಹಳೇ ರಾಗ.

ಭಟ್ಟಿ ಹೊಗೆ

ಅಕ್ಕ ನೀವು ನನ್ನ ಬಾಯಲ್ಲಿದ್ದ ಮಾತೇ ಆಡಿದ್ರಿ. ನಮ್ಮ ಮನೇಲೂ ಇದೇ. ಅಮ್ಮ ದಿನಾ ಮೊಬೈಲ್ ಹಿಡ್ಕೊಂಡು ನನ್ನ ಹೆಂಡತಿ ಹತ್ರ ಬರ್ತಾಳೆ, ಮೆಸೇಜ್ ಬಂದಿದೆಯಾ ನೋಡವ್ವ ಅಂತ. ಬರೋ ಮೆಸೇಜೆಲ್ಲ ರೀಚಾರ್ಜ್ ಮಾಡಿ ಅನ್ನೋದೇ. ನಂಗೆ ಅನ್ಸೋದು, 1200 ರೂಪಾಯಿ ಬರದೇ ಇದ್ದಿದ್ದಕ್ಕಿಂತ, ಬರುತ್ತಾ ಇಲ್ವಾ ಅಂತ ಕಾಯೋದ್ರಲ್ಲೇ ಅವಳು ಹಾಳಾಗಿದಾಳೆ. ಭಟ್ಟೀಲಾದ್ರೂ ಶನಿವಾರ ಬಟವಾಡೆ ಅಂದ್ರೆ ಶನಿವಾರ ಬಟವಾಡೆ ಇತ್ತು, ಅದನ್ನೇ ಹೇಳ್ತಾಳೆ.

ಅತ್ತೆ ಸೊಸೆ ಜಗಳ ಅಂತ ಟೀವೀಲಿ ತೋರಿಸ್ತಿದ್ರಲ್ಲ ಯಜಮಾನಿ ಯಾರು ಅಂತ, ನಮ್ಮ ಮನೇಲಿ ಅದು ಆಗಿಲ್ಲ ಅನ್ನಲ್ಲ, ಒಂದು ವಾರ ಅಡುಗೆ ಮನೆ ಸೈಲೆಂಟ್ ಇತ್ತು. ಈಗ ಇಬ್ರೂ ಒಂದಾಗಿ ಸರ್ಕಾರಕ್ಕೆ ಬೈತಾರೆ.

ಜೋಹಾನ್ಸ್‌ಬರ್ಗ್‌ನಲ್ಲಿ ದುರ್ಗದವ

ಕೆಲಸದ ಮೇಲೆ ದಕ್ಷಿಣ ಆಫ್ರಿಕಾಕ್ಕೆ ಬಂದು ಆರು ವರ್ಷ ಆಯ್ತು, ಊರು ಹಿರಿಯೂರು ಕಡೆ. ಈ ಚರ್ಚೆ ಓದ್ತಾ ಇಲ್ಲಿಂದೇ ಅನ್ನಿಸ್ತು, ಅದಕ್ಕೆ ಹೇಳ್ತೀನಿ.

ಜಗತ್ತಲ್ಲೇ ಇದರಷ್ಟು ಅಸಮಾನತೆ ಇರೋ ದೇಶ ಇನ್ನೊಂದಿಲ್ಲ ಅಂತಾರೆ, ನಮ್ಮ ಆಫೀಸಿನ ಕಿಟಕೀಲಿ ನಿಂತ್ರೆ ಎರಡೂ ಕಾಣುತ್ತೆ, ಈ ಕಡೆ ಈಜುಕೊಳ ಆ ಕಡೆ ತಗಡಿನ ಶೆಡ್ಡು. ಕೆಲಸ ಹುಡುಕೋರಲ್ಲಿ ಮೂರಕ್ಕೊಬ್ಬರಿಗೆ ಕೆಲಸ ಇಲ್ಲ. ಇಲ್ಲಿ ಅನುದಾನಕ್ಕೆ ಗ್ರ್ಯಾಂಟ್ ಅಂತಾರೆ. 60 ದಾಟಿದೋರಿಗೆ, ಅಂಗವಿಕಲರಿಗೆ, ಮಕ್ಕಳನ್ನ ಸಾಕೋರಿಗೆ. ಮಕ್ಕಳ ಗ್ರ್ಯಾಂಟ್ 1998ರಲ್ಲಿ ತಿಂಗಳಿಗೆ 100 ರ‍್ಯಾಂಡಿಗೆ (ಇಲ್ಲಿನ ರೂಪಾಯಿ ಅನ್ಕೊಳ್ಳಿ) ಶುರುವಾಯ್ತು, ಆಗ ಏಳು ವರ್ಷದೊಳಗಿನ ಮಕ್ಕಳಿಗೆ ಮಾತ್ರ, ಈಗ 18 ತುಂಬೋವರೆಗೆ. ಕೊರೊನಾ ಟೈಮಲ್ಲಿ 2020ರಲ್ಲಿ ಯಾವ ಆದಾಯಾನೂ ಇಲ್ದ ವಯಸ್ಕರಿಗೆ 350 ರ‍್ಯಾಂಡ್ ಅಂತ ತಾತ್ಕಾಲಿಕವಾಗಿ ತಂದ್ರು, ತಾತ್ಕಾಲಿಕ ಅಂತ ಇದ್ದಿದ್ದು ನಿಲ್ಲಿಸೋಕೇ ಆಗ್ಲಿಲ್ಲ, 2024ರಲ್ಲಿ 370 ಆಯ್ತು. ನಾಕು ವರ್ಷಕ್ಕೆ 20 ರ‍್ಯಾಂಡ್!

ಸಂಘದಕ್ಕ ಕೇಳಿದ ತಾರೀಖು ಇಲ್ಲಿದೆ. ತಿಂಗಳ ಮೊದಲ ವಾರದಲ್ಲಿ ಒಂದು ದಿನ ವಯಸ್ಸಾದೋರಿಗೆ, ಮಾರನೇ ದಿನ ಅಂಗವಿಕಲರಿಗೆ, ಅದರ ಮಾರನೇ ದಿನ ಮಕ್ಕಳದ್ದು. ದಿನಾಂಕದ ಪಟ್ಟಿ ಮೊದಲೇ ಹೊರಗೆ ಬರುತ್ತೆ. ಆ ದಿನ ಅಂಗಡಿ ಮುಂದೆ ಕ್ಯೂ ನೋಡ್ಬೇಕು ನೀವು, ನಮ್ಮೂರ ಸಂತೆ ತರ.

ಆದ್ರೆ ಅಕ್ಕ, ತಾರೀಖು ಗೊತ್ತಾದ್ರೆ ಸಾಲದೋರಿಗೂ ಗೊತ್ತಾಗುತ್ತೆ. ಇಲ್ಲಿ ಬಡ್ಡಿ ಸಾಲದೋನಿಗೆ ಮಶೋನೀಸಾ ಅಂತಾರೆ. ಅವನು ಸಾಲ ಕೊಡುವಾಗ ಅಜ್ಜಿಯ ಗ್ರ್ಯಾಂಟ್ ಕಾರ್ಡೂ ಪಿನ್ನೂ ಇಸ್ಕೋತಾನೆ, ದುಡ್ಡು ಬಿದ್ದ ದಿನ ಅವನೇ ಡ್ರಾ ಮಾಡ್ಕೊಂಡು ಉಳಿದಿದ್ದು ಕೊಡ್ತಾನೆ. ಹಿಂದೆ ಗ್ರ್ಯಾಂಟ್ ಹಂಚೋ ಗುತ್ತಿಗೆ ಖಾಸಗಿ ಕಂಪನಿ ಕೈಲಿದ್ದಾಗ ಜನರ ದುಡ್ಡಿಂದ ಸಾಲದ ಕಂತು, ಮೊಬೈಲ್ ಕರೆನ್ಸಿ ಅಂತ ಕಟ್ ಆಗ್ತಿತ್ತು ಅಂತ ದೊಡ್ಡ ಗಲಾಟೆ ಆಗಿತ್ತು, ಆ ಗುತ್ತಿಗೆನೇ ಸರಿ ಇಲ್ಲ ಅಂತ ಇಲ್ಲಿನ ಸಂವಿಧಾನ ಕೋರ್ಟ್ ಹೇಳ್ತು. ಹಂಗಂತ ಗ್ರ್ಯಾಂಟ್ ಬೇಡ ಅನ್ನೋರು ಇಲ್ಲಿ ಕಮ್ಮಿ. ನಮ್ಮ ಆಫೀಸು ಗುಡಿಸೋ ಅಮ್ಮ ಅವಳ ಅಜ್ಜಿ ಪಿಂಚಣೀಲೇ ಓದಿದ್ದಂತೆ, ಮನೇಲಿ ಒಂಬತ್ತು ಜನ ಅದೇ ದುಡ್ಡಲ್ಲಿ. ಅಂದ್ರೆ ವಯಸ್ಸಾದೋರಿಗೆ ಅಂತ ಕೊಟ್ಟಿದ್ದು ಮಕ್ಕಳ ಫೀಸಾಗಿತ್ತು.

ಸಂಘದ ಸದಸ್ಯೆ (ಹರಿಹರ)

ಕಾರ್ಡೇ ಇಸ್ಕೋತಾರಾ ಅಯ್ಯೋ. ನಮ್ಮಲ್ಲಿ ಇನ್ನೂ ಆ ಬುದ್ಧಿ ಬಂದಿಲ್ಲ, ನೀವಿಲ್ಲಿ ಬರೆದಿದ್ದು ನಮ್ಮ ಬೈಕ್ ಹುಡುಗ ಓದದೆ ಇರ್ಲಿ.

ವಿದ್ಯಾನಗರ ವಾಕಿಂಗ್ ಅಂಕಲ್

ಸರಿ ನಾನು ಒಂದು ಹೆಜ್ಜೆ ಹಿಂದೆ ಬರ್ತೀನಿ. ತಾರೀಖಿನ ವಿಷಯ ಒಪ್ಪಿದೆ. ನನ್ನ ಪೆನ್ಷನ್ ತಿಂಗಳ ಕೊನೇ ದಿನ ಬರ್ಲಿಲ್ಲ ಅಂದ್ರೆ ನಾನು ಒಂದನೇ ತಾರೀಖು ಬ್ಯಾಂಕಲ್ಲಿ ಕೂಗಾಡ್ತೀನಿ, ನಿಜ. ಆದ್ರೆ ಇದು ಹೀಗೇ ಎಷ್ಟು ದಿನ? ಯುವನಿಧಿ ಅಂತ ಡಿಗ್ರಿ ಓದಿದೋರಿಗೆ 3000 ಕೊಡ್ತಾರೆ, ಎರಡು ವರ್ಷ ಆದ್ಮೇಲೆ? ನನ್ನ ತಂಗಿ ಮಗ ಬಿಕಾಂ ಮಾಡಿ ಅದನ್ನ ತಗೊಂಡು ಮೊಬೈಲ್ ನೋಡ್ಕೊಂಡು ಕೂತಿದಾನೆ. ದಾವಣಗೇರೀಲಿ ಇಷ್ಟು ಇಂಜಿನಿಯರಿಂಗ್ ಕಾಲೇಜು ಮೆಡಿಕಲ್ ಕಾಲೇಜು ಇದ್ದು ಕೆಲಸಕ್ಕೆ ಬೆಂಗಳೂರಿಗೇ ಹೋಗ್ಬೇಕು. ಆ ಮಿಲ್ಲಿನ ಜಾಗದಲ್ಲಿ ಸೈಟು ಮಾಡಿ ಮಾರಿದ್ರೆ ಕೆಲಸ ಎಲ್ಲಿಂದ ಬರ್ಬೇಕು.

ಜಗಳೂರು ಬಿಸ್ಲು

ಇದಕ್ಕೆ ನಾನೂ ಲೈಕ್ ಒತ್ತಿದೆ ಅಂಕಲ್, ಕೊನೇ ಸಾಲಿಗೆ.

ಸೇವಾ ಕೇಂದ್ರದ ತಮ್ಮ

ಭಟ್ಟಿ ಹೊಗೆ ಅಣ್ಣ, ನಾನು ಇದೇ ಕೆಲಸ ಮಾಡೋದು, ದಿನಕ್ಕೆ ಇಂಥವು ಹತ್ತಾದ್ರೂ ಬರ್ತವೆ. ಒಂದು ಪ್ರಶ್ನೆ: ಅಮ್ಮಂಗೆ ಈ ವರ್ಷ ಹೊಸ ಸಿಮ್ಮು ಅಥವಾ ಹೊಸ ಖಾತೆ ಏನಾದ್ರೂ ಮಾಡಿಸಿದ್ರಾ? ಡಿಬಿಟಿ ದುಡ್ಡು, ಅಂದ್ರೆ ಸರ್ಕಾರ ಸೀದಾ ಖಾತೆಗೆ ಹಾಕೋ ದುಡ್ಡು, ಅಕೌಂಟ್ ನಂಬರ್ ನೋಡ್ಕೊಂಡು ಹೋಗಲ್ಲ, ಆಧಾರ್ ಕೊನೇ ಸಲ ಯಾವ ಬ್ಯಾಂಕಿಗೆ ಲಿಂಕ್ ಆಗಿದೆಯೋ ಆ ಬ್ಯಾಂಕಿಗೆ ಹೋಗುತ್ತೆ. ಎನ್‌ಪಿಸಿಐ ಮ್ಯಾಪಿಂಗ್ ಅಂತಾರೆ. ಹೊಸ ಖಾತೆ ಮಾಡಿಸುವಾಗ ಒಂದು ಟಿಕ್ ಹಾಕಿಸ್ಕೊಂಡಿರ್ತಾರೆ, ಮುಗೀತು, ಹಳೇ ಪಾಸ್‌ಬುಕ್ ಎಷ್ಟು ಸಲ ಎಂಟ್ರಿ ಮಾಡಿಸಿದ್ರೂ ಸೊನ್ನೆನೇ. ಆಧಾರ್ ವೆಬ್‌ಸೈಟಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತಿದೆ, ನಂಬರ್ ಹಾಕಿ ಓಟಿಪಿ ಕೊಟ್ರೆ ಯಾವ ಬ್ಯಾಂಕು ಅಂತ ತೋರಿಸುತ್ತೆ. ಮೊದ್ಲು ಅದು ನೋಡಿ.

ಬೆರಳಿಗೆ: ಆಧಾರ್ ಕೇಂದ್ರದಲ್ಲಿ ಬಯೋಮೆಟ್ರಿಕ್ ಅಪ್‌ಡೇಟ್ ಮಾಡಿಸಿ, ಕಣ್ಣಿನದ್ದೂ ಹೊಸದಾಗಿ ತಗೋತಾರೆ. ಭಟ್ಟಿಯೋರು, ಬೀಡಿ ಕಟ್ಟೋರು, ಗಾರೆ ಕೆಲಸದೋರು, ಇವರದ್ದೆಲ್ಲ ಹಿಂಗೇ. ನಮಗೂ ಬೇಜಾರೇ ಅಣ್ಣ, ಹಿಂದೆ ಕ್ಯೂ ಇರುತ್ತೆ, ಸರ್ವರ್ ಸುತ್ತುತ್ತಿರುತ್ತೆ, ಅಜ್ಜೀರು ನಂದೇ ತಪ್ಪು ಅನ್ನೋ ತರ ಮುಖ ಮಾಡ್ಕೊಂಡು ಮತ್ತೆ ಮತ್ತೆ ಒತ್ತುತ್ತಾರೆ.

ಭಟ್ಟಿ ಹೊಗೆ

ತಮ್ಮಾ!!! ಸಿಕ್ತು!

ರಾತ್ರಿನೇ ನೋಡಿದೆ. ಉಗಾದಿ ಟೈಮಲ್ಲಿ ಅಮ್ಮಂಗೆ ಸಿಮ್ ಬದಲಾಯಿಸಿದ್ವಿ, ಬಸ್‌ಸ್ಟ್ಯಾಂಡ್ ಹತ್ರ ಛತ್ರಿ ಹಾಕ್ಕೊಂಡು ಕೂತಿದ್ದ ಹುಡುಗ, ಆಧಾರ್ ಕೊಡಿ ಇಲ್ಲಿ ಬೆರಳಿಡಿ ಅಂದ (ಅವತ್ತು ಹೆಂಗೋ ಒಂದು ಬೆರಳು ಹಿಡೀತು ನೋಡಿ, ಬೇಡದ ಕಡೆ), ಫ್ರೀಯಾಗಿ ಒಂದು ಖಾತೇನೂ ಆಗುತ್ತೆ ಅಂದ, ನಾವು ಹೂಂ ಅಂದ್ವಿ. ಪಿಂಚಣಿ ನಾಕು ತಿಂಗಳೂ ಅಲ್ಲಿಗೇ ಹೋಗಿದೆ. 4800. ಜೊತೆಗೆ ಗೃಹಲಕ್ಷ್ಮಿ ಒಂದು ಕಂತೂ ಅಲ್ಲೇ ಬಿದ್ದಿದೆ. ಸರ್ಕಾರ ಕೊಟ್ಟಿತ್ತು, ಅಮ್ಮಂಗೆ ತಲುಪಿರ್ಲಿಲ್ಲ, ಕೇಳಿದ ಮೂರು ಕಡೆಯೋರಲ್ಲಿ ಒಬ್ರಿಗೂ ಇದನ್ನ ನೋಡಿ ಹೇಳೋಕೆ ಆಗಿರ್ಲಿಲ್ಲ.

ಅಮ್ಮಂಗೆ ಹೇಳಿದೆ. ಖುಷಿ ಪಡ್ತಾಳೆ ಅನ್ಕೊಂಡೆ. ಅಷ್ಟು ದಿನ ಅಲ್ಲೇ ಇತ್ತಾ, ಹಂಗಾದ್ರೆ ಆ ಐದು ರೂಪಾಯಿ ಬಡ್ಡಿ ಸುಮ್ನೆ ಕಟ್ಟಿದ್ನಲ್ಲೋ ಅಂದ್ಲು. ನಮಗೆ ಗೊತ್ತಿಲ್ದಂಗೆ ಪಕ್ಕದ ಮನೇಲಿ ಕೈಸಾಲ ಮಾಡಿದಾಳೆ ಮಾತ್ರೆಗೆ. ನಾನು ಏನೂ ಮಾತಾಡ್ಲಿಲ್ಲ.

ಈಗ ಹೊಸ ತಲೆನೋವು, ಆ ಖಾತೆಯಿಂದ ತೆಗೀಬೇಕಂದ್ರೆ ಎಟಿಎಂ ಕಾರ್ಡಿಲ್ಲ, ಅಂಗಡೀಲಿ ಹೆಬ್ಬೆಟ್ಟು ಒತ್ತಬೇಕಂತೆ.

ಸೇವಾ ಕೇಂದ್ರದ ತಮ್ಮ

ಹೆಬ್ಬೆಟ್ಟು ಬೇಡ ಅಣ್ಣ, ಅಮ್ಮನ ಫೋನಲ್ಲೇ ಆ ಬ್ಯಾಂಕಿನ ಆ್ಯಪ್ ಹಾಕಿ, ಸಿಮ್ ಅದೇ ಇದೆಯಲ್ಲ, ಓಟಿಪಿ ಬರುತ್ತೆ, ಹಳೇ ಖಾತೆಗೆ ಟ್ರಾನ್ಸ್‌ಫರ್ ಮಾಡ್ಕೊಳ್ಳಿ. ಆಗ್ಲಿಲ್ಲ ಅಂದ್ರೆ ನಮ್ಮ ಹತ್ರ ಬನ್ನಿ. ಆಮೇಲೆ ಮರೀದೆ ಹಳೇ ಬ್ಯಾಂಕಿಗೆ ಹೋಗಿ ಆಧಾರ್ ಸೀಡಿಂಗ್ ಫಾರಂ ಕೊಟ್ಟು ಮ್ಯಾಪಿಂಗ್ ವಾಪಸ್ ಅಲ್ಲಿಗೆ ಮಾಡಿಸಿ, ಇಲ್ಲಾಂದ್ರೆ ಮುಂದಿನ ತಿಂಗಳೂ ಅಲ್ಲಿಗೇ ಹೋಗುತ್ತೆ. ಸ್ವೀಕೃತಿ ಸೀಲ್ ಹಾಕಿಸ್ಕೊಂಡು ಬನ್ನಿ, ಬಾಯಿ ಮಾತು ನಂಬ್ಬೇಡಿ.

ಅಡಿಕೆ ತೋಟ (ಚನ್ನಗಿರಿ)

ನಮ್ಮ ತೋಟದಲ್ಲಿ ಸುಲಿಯೋ ಒಬ್ಬಜ್ಜಿದೂ ಹಿಂಗೇ ನಿಂತಿದೆ ಅಂತಿದ್ಲು, ಆರು ತಿಂಗಳಿಂದ. ನಾನು ಏನೋ ಸುಳ್ಳು ಹೇಳ್ತಾಳೆ ಅಡ್ವಾನ್ಸಿಗೆ ಅನ್ಕೊಂಡಿದ್ದೆ. ಆ ವೆಬ್‌ಸೈಟ್ ಲಿಂಕ್ ಹಾಕಿ ತಮ್ಮ. ಅವಳ ಆಧಾರಿಗೆ ಮೊಬೈಲ್ ಲಿಂಕ್ ಇಲ್ಲ ಅನ್ಸುತ್ತೆ, ಏನ್ಮಾಡೋದು?

ಸೇವಾ ಕೇಂದ್ರದ ತಮ್ಮ

ಮೊಬೈಲ್ ಲಿಂಕ್ ಇಲ್ಲಾಂದ್ರೆ ಮೊದ್ಲು ಆಧಾರ್ ಕೇಂದ್ರಕ್ಕೆ ಅವರೇ ಬರ್ಬೇಕು ಸರ್, ನಂಬರ್ ಸೇರಿಸೋಕೆ. ಅರ್ಧ ದಿನ ಹೋಗುತ್ತೆ. ಆ ಅರ್ಧ ದಿನದ ಕೂಲಿ ಹಿಡೀಬೇಡಿ 🙂

ಅಡಿಕೆ ತೋಟ (ಚನ್ನಗಿರಿ)

ಹಿಡಿಯಲ್ಲ ಬಿಡಪ್ಪ. ನಾನೇ ಬೈಕಲ್ಲಿ ಕರ್ಕೊಂಡು ಹೋಗ್ತೀನಿ.

ಭಟ್ಟಿ ಹೊಗೆ

ನಾಳೆ ಹತ್ತು ಗಂಟೆಗೆ ಬ್ಯಾಂಕಿಗೆ ಹೋಗ್ತಿದೀನಿ, ಗಾಡಿ ಬಾಡಿಗೆ ಒಂದು ದಿನ ರಜೆ. ಆಧಾರ್ ಒರಿಜಿನಲ್, ಪಾಸ್‌ಬುಕ್, ಎರಡು ಫೋಟೋ ಇಟ್ಕೊಂಡಿದೀನಿ, ಇನ್ನೇನಾದ್ರೂ ಬೇಕಾ ತಮ್ಮ? ಅಮ್ಮ ಈಗ್ಲೇ ಬೆರಳಿಗೆ ಕೊಬ್ರಿ ಎಣ್ಣೆ ಹಚ್ಕೊಂಡು ಮಲಗಿದಾಳೆ, ನಾಳೆ ಗೆರೆ ಬರಲಿ ಅಂತ.